ತಂತ್ರಾಂಶವೂ ಚಿತ್ರಕಲೆಯೂ ಕೂಡಿದ ಒಂದೇ ಉದ್ಯೋಗ: ಕುಮಟಾದಿಂದ ಒಂದು ಪ್ರಶ್ನೆ

ಅಘನಾಶಿನಿ (ಕುಮಟಾ) ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ಸಮೀಪದ ಹಳ್ಳಿಯವಳು. ಕರಾವಳಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಹೈಸ್ಕೂಲಿನಿಂದಲೂ ಚಿತ್ರ ಬಿಡಿಸುತ್ತ ಬಂದಿದ್ದೇನೆ. ಪೆನ್ ಟ್ಯಾಬ್ಲೆಟ್ ಕೈಗೆ ಬಂದ ಮೇಲೆ ಕ್ರಿಟಾದಲ್ಲಿ ಚಿತ್ರ ಬರೆಯುವುದನ್ನೂ ಬ್ಲೆಂಡರಿನಲ್ಲಿ ಮೂರು ಆಯಾಮದ ಆಕೃತಿಗಳನ್ನು ಕಟ್ಟುವುದನ್ನೂ ನಾನಾಗಿಯೇ ಕಲಿತೆ. ಪ್ರೋಗ್ರಾಮಿಂಗ್ ಕೂಡ ನನಗೆ ಅಷ್ಟೇ ಇಷ್ಟದ ಕೆಲಸ. ಅದು ಒಲ್ಲದ ಮನಸ್ಸಿನಿಂದ ಹಿಡಿದ ದಾರಿಯಲ್ಲ.

ಕ್ಯಾಂಪಸ್ ಸಂದರ್ಶನದಲ್ಲಿ ಬೆಂಗಳೂರಿನ ಕಂಪನಿಯೊಂದು ನನ್ನನ್ನು ಆರಿಸಿಕೊಂಡಿದೆ. ಕೆಲಸ ಬಹುತೇಕ ತಂತ್ರಾಂಶ ಪರೀಕ್ಷೆಯದು. ಮನೆಯವರಿಗೆ ಸಂತೋಷವಾಗಿದೆ, ನನಗೂ ಬೇಸರವಿಲ್ಲ. ಆದರೆ ಹಗಲು ಒಂದು ಕೆಲಸ, ರಾತ್ರಿ ಹವ್ಯಾಸಕ್ಕೆ ಇನ್ನೊಂದು ಎಂಬ ಬದುಕಿಗಿಂತ ಎರಡೂ ಒಂದೇ ಕೆಲಸದೊಳಗೆ ಸೇರುವಂತಹ ಉದ್ಯೋಗ ನಿಜವಾಗಿಯೂ ಇದೆಯೇ, ಇದ್ದರೆ ಅದಕ್ಕೆ ನಾನು ಈಗಿನಿಂದ ಏನನ್ನು ಕಲಿಯಬೇಕು, ವಿನ್ಯಾಸದಲ್ಲಿ ಮತ್ತೊಂದು ಪದವಿ ಬೇಕೇ, ಮುಂದೊಂದು ದಿನ ಊರಿನಲ್ಲಿಯೇ ಇದ್ದು ಈ ಕೆಲಸ ಮಾಡಲು ಸಾಧ್ಯವೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ದೇವಬಾಗ (ಕಾರವಾರ) ಬರೆದದ್ದು:

ತಂಗೀ, ಮೊದಲು ಕೈಗೆ ಬಂದ ಕೆಲಸವನ್ನು ಒಪ್ಪಿಕೊಳ್ಳಿ. ನಾನು ಬಹಳ ವರ್ಷ ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ದುಡಿದವಳು. ತಿಂಗಳ ಸಂಬಳವಿದ್ದಾಗ ಕಲಿಯುವವರ ಮನಸ್ಸಿಗೆ ಸಿಗುವ ನೆಮ್ಮದಿ, ಪ್ರತಿ ಚಿತ್ರಕ್ಕೂ ಹಣ ಹುಟ್ಟಿಸಲೇಬೇಕೆಂಬ ಒತ್ತಡದಲ್ಲಿ ಸಿಗುವುದಿಲ್ಲ. ಪರೀಕ್ಷೆಯ ಕೆಲಸವೆಂದು ಕಡೆಗಣಿಸುವುದೂ ಬೇಡ. ಬೇರೆಯವರು ಬರೆದ ದೊಡ್ಡ ತಂತ್ರಾಂಶವನ್ನು ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಕೆ, ದೋಷವನ್ನು ವಿವರವಾಗಿ ಬರೆದು ತಿಳಿಸುವ ಕ್ರಮ ಇವೆಲ್ಲ ಅಲ್ಲಿಯೇ ಬರುತ್ತವೆ.

ಆದರೆ ಸಹಿ ಹಾಕುವ ಮೊದಲು ನೇಮಕಾತಿ ಪತ್ರವನ್ನು ಸಾವಕಾಶವಾಗಿ ಓದಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ ಮಾಲೀಕರದು. ಅದು ನ್ಯಾಯವಾದದ್ದೇ. ಆದರೆ ಕೆಲವು ನೇಮಕಾತಿ ಪತ್ರಗಳು ಅದಕ್ಕಿಂತ ಮುಂದೆ ಹೋಗಿ, ನೌಕರಿಯಲ್ಲಿರುವಷ್ಟು ಕಾಲ ನೀವು ಮಾಡಿದ್ದೆಲ್ಲವೂ ಕಂಪನಿಯದು ಎಂದೋ, ಹೊರಗಿನ ಯಾವ ಕೆಲಸವನ್ನೂ ಮಾಡಕೂಡದು ಎಂದೋ ಬರೆದಿರುತ್ತವೆ. ನಿಮ್ಮ ಚಿತ್ರಗಳಿಗೂ ಸ್ವಂತ ಪ್ರಾಜೆಕ್ಟುಗಳಿಗೂ ಅದು ಅನ್ವಯಿಸುತ್ತದೆಯೇ ಎಂದು ಮಾನವ ಸಂಪನ್ಮೂಲ ವಿಭಾಗವನ್ನು ಇಮೇಲ್ ಮೂಲಕ ಕೇಳಿ, ಉತ್ತರವನ್ನು ಲಿಖಿತವಾಗಿಯೇ ಪಡೆದು ಇಟ್ಟುಕೊಳ್ಳಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ನಿಮ್ಮ ಸ್ವಂತ ಕೆಲಸವನ್ನು ಎಂದಿಗೂ ಮಾಡಬೇಡಿ.

ಕಾಳಿದಂಡೆ (ಕಾರವಾರ) ಬರೆದದ್ದು:

ಅಂತಹ ಉದ್ಯೋಗ ಇದೆ, ಅದೇ ನನ್ನ ಅನ್ನ. ಬೆಂಗಳೂರಿನ ಗೇಮ್ ಸ್ಟುಡಿಯೋ ಒಂದರಲ್ಲಿ ಟೆಕ್ನಿಕಲ್ ಆರ್ಟಿಸ್ಟ್ ಆಗಿ ಸೇರಿದವನು ಈಗ ಕಾರವಾರದ ಮನೆಯಿಂದಲೇ ಅದೇ ಕೆಲಸ ಮಾಡುತ್ತಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಗೇಮ್ ತಯಾರಿಸುವ ತಂಡದಲ್ಲಿ ಚಿತ್ರಕಾರರು ಒಂದು ಕಡೆ, ಪ್ರೋಗ್ರಾಮರುಗಳು ಇನ್ನೊಂದು ಕಡೆ ಇರುತ್ತಾರೆ. ಚಿತ್ರಕಾರರಿಗೆ ಬೇಕಾದ ನೀರಿನ ಹೊಳಪು, ಮಂಜಿನ ಮಬ್ಬು, ಗಾಳಿಗೆ ಅಲುಗುವ ತೆಂಗಿನ ಗರಿ ಇವೆಲ್ಲ ಸಾಧಾರಣ ಮೊಬೈಲಿನಲ್ಲಿಯೂ ನಿಲ್ಲದೆ ಓಡಬೇಕು. ಸೆಕೆಂಡಿಗೆ 60 ಚೌಕಟ್ಟುಗಳು (ಫ್ರೇಮ್, ಅಂದರೆ ಬಿಡಿ ಚಿತ್ರಗಳು) ಬೇಕೆಂದರೆ ಒಂದೊಂದು ಚೌಕಟ್ಟನ್ನು ಬಿಡಿಸಲು ಯಂತ್ರಕ್ಕೆ ಸಿಗುವ ಸಮಯ ಸುಮಾರು 16.6 ಮಿಲಿಸೆಕೆಂಡು ಮಾತ್ರ. ಅದರೊಳಗೆ ಆಟದ ತರ್ಕ, ಭೌತಿಕ ಲೆಕ್ಕ, ಧ್ವನಿ, ಚಿತ್ರ ಎಲ್ಲವೂ ಮುಗಿಯಬೇಕು. ನೀರು ಚಂದ ಕಾಣಬೇಕು ಎಂಬುದನ್ನು ಬಲ್ಲ, ಅದು ಎಷ್ಟು ಮಿಲಿಸೆಕೆಂಡನ್ನು ನುಂಗುತ್ತಿದೆ ಎಂಬುದನ್ನೂ ಅಳೆಯಬಲ್ಲ ವ್ಯಕ್ತಿ ಒಬ್ಬರೇ ಆಗಿರಬೇಕಾದ ಜಾಗ ಇದು. ಎರಡನ್ನೂ ಅರ್ಧರ್ಧ ತಿಳಿದವರು ಈ ಜಾಗದಲ್ಲಿ ನಿಲ್ಲಲಾರರು, ಯಾಕೆಂದರೆ ಇಲ್ಲಿ ತೆಗೆದುಕೊಳ್ಳುವ ಪ್ರತಿಯೊಂದು ತೀರ್ಮಾನವೂ ಏಕಕಾಲಕ್ಕೆ ಅಂದದ ತೀರ್ಮಾನವೂ ಗಣಿತದ ತೀರ್ಮಾನವೂ ಆಗಿರುತ್ತದೆ.

ದಿನನಿತ್ಯದ ಕೆಲಸ ಹೀಗಿರುತ್ತದೆ. ಒಂದು ದಿನ ಶೇಡರ್ ಬರೆಯುತ್ತೇನೆ. ಪರದೆಯ ಮೇಲಿನ ಪ್ರತಿ ಬಿಂದುವಿಗೆ ಯಾವ ಬಣ್ಣ ಬರಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳುವ ಸಣ್ಣ ಪ್ರೋಗ್ರಾಮ್ ಅದು. ಮರುದಿನ ಚಿತ್ರಕಾರರಿಗಾಗಿ ಉಪಕರಣ ಕಟ್ಟುತ್ತೇನೆ. ನೂರಾರು ಮಾದರಿಗಳನ್ನು ಬ್ಲೆಂಡರಿನಿಂದ, ಗೇಮ್ ಕಟ್ಟುವ ತಂತ್ರಾಂಶವಾದ ಯೂನಿಟಿಗೆ ಸಾಗಿಸುವಾಗ ಹೆಸರು, ಅಳತೆ, ದಿಕ್ಕು ತಪ್ಪದಂತೆ ನೋಡಿಕೊಳ್ಳುವ ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟರೆ ಚಿತ್ರಕಾರರ ಒಂದು ವಾರದ ಬೇಸರದ ಕೆಲಸ ಒಂದು ಗುಂಡಿ ಒತ್ತಿದಾಗ ಮುಗಿಯುತ್ತದೆ. ಮತ್ತೊಂದು ದಿನ, ಯಾವ ಭಾಗ ಎಷ್ಟು ಸಮಯ ತಿನ್ನುತ್ತಿದೆ ಎಂದು ಅಳೆಯುವ ಪ್ರೊಫೈಲರ್ ತೆರೆದು ಕುಳಿತು, ಆಟ ಎಲ್ಲಿ ತಡವರಿಸುತ್ತಿದೆ ಎಂದು ಹುಡುಕುತ್ತೇನೆ. ಅನಿಮೇಷನ್ ಮತ್ತು ವಿಎಫ್‌ಎಕ್ಸ್ ಸ್ಟುಡಿಯೋಗಳಲ್ಲಿ ಇದಕ್ಕೆ ಹತ್ತಿರದ ಕೆಲಸಕ್ಕೆ ಟೆಕ್ನಿಕಲ್ ಡೈರೆಕ್ಟರ್ ಎನ್ನುತ್ತಾರೆ. ಪಾತ್ರಗಳಿಗೆ ಮೂಳೆ ಕೂರಿಸುವ ರಿಗ್ಗಿಂಗ್, ಬೆಳಕು, ಪೈಪ್‌ಲೈನ್ ಎಂದು ಅದರೊಳಗೆ ಕವಲುಗಳಿವೆ.

ಈ ಕ್ಷೇತ್ರಕ್ಕೆ ಗೌರವವಿದೆಯೇ ಎಂದು ಮನೆಯಲ್ಲಿ ಕೇಳಿದರೆ ಎರಡು ಸಂಗತಿ ಹೇಳಿ. 1980ರ ದಶಕದ ಆರಂಭದಲ್ಲಿ ಚಲನಚಿತ್ರದ ಗ್ರಾಫಿಕ್ಸ್ ಕೆಲಸ ಮಾಡುತ್ತಿದ್ದ ಕೆನ್ ಪರ್ಲಿನ್ ಅವರಿಗೆ ಕಂಪ್ಯೂಟರ್ ಚಿತ್ರಗಳು ತೀರ ಯಾಂತ್ರಿಕವಾಗಿ ಕಾಣುತ್ತವೆ ಎಂಬ ಅತೃಪ್ತಿಯಿತ್ತು. ಆ ಅತೃಪ್ತಿಯಿಂದಲೇ ಅವರು ಮೋಡ, ಕಲ್ಲು, ಅಮೃತಶಿಲೆಯಂತಹ ಸಹಜ ಏರುಪೇರನ್ನು ಗಣಿತದಿಂದ ಹುಟ್ಟಿಸುವ ಸೂತ್ರವನ್ನು ಕಂಡುಕೊಂಡರು. ಇಂದು ಪರ್ಲಿನ್ ನಾಯ್ಸ್ ಎಂದು ಕರೆಯುವ ಆ ಸೂತ್ರಕ್ಕೆ 1997ರಲ್ಲಿ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು; ಆಸ್ಕರ್ ಕೊಡುವ ಅಕಾಡೆಮಿಯೇ ಅದು. ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2019ನೆಯ ಸಾಲಿಗೆ ಎಡ್ ಕ್ಯಾಟ್ಮಲ್ ಮತ್ತು ಪ್ಯಾಟ್ ಹ್ಯಾನ್ರಹನ್ ಅವರಿಗೆ ಸಂದದ್ದು ಮೂರು ಆಯಾಮದ ಗ್ರಾಫಿಕ್ಸ್ ಕ್ಷೇತ್ರದ ಕೆಲಸಕ್ಕಾಗಿಯೇ.

ಕಲಿಯಬೇಕಾದದ್ದರಲ್ಲಿ ಮೊದಲನೆಯದು ಗಣಿತ: ವೆಕ್ಟರ್, ಮ್ಯಾಟ್ರಿಕ್ಸ್, ತ್ರಿಕೋನಮಿತಿ. ಪಿಯುಸಿಯಲ್ಲಿ ಅಂಕಕ್ಕಾಗಿ ಓದಿದ ಡಾಟ್ ಪ್ರಾಡಕ್ಟ್ ಇಲ್ಲಿ, ಬೆಳಕು ಒಂದು ಮೇಲ್ಮೈಗೆ ಎಷ್ಟು ಓರೆಯಾಗಿ ಬೀಳುತ್ತಿದೆ ಎಂಬುದಕ್ಕೆ ಉತ್ತರವಾಗುತ್ತದೆ. ಭಾಷೆಗಳಲ್ಲಿ ಪೈಥಾನ್ ಮತ್ತು ಸಿ ಶಾರ್ಪ್ ಸಾಕು. ಅನ್‌ರಿಯಲ್ ಎಂಬ ಇನ್ನೊಂದು ಗೇಮ್ ತಂತ್ರಾಂಶದ ಕಡೆಗೆ ಹೋಗುವುದಾದರೆ ಸಿ ಪ್ಲಸ್ ಪ್ಲಸ್ ಬೇಕು. ದುಬಾರಿ ತಂತ್ರಾಂಶ ಕೊಳ್ಳುವ ಅಗತ್ಯವಿಲ್ಲ. ಬ್ಲೆಂಡರ್ 2002ರಲ್ಲಿ ಮುಕ್ತ ತಂತ್ರಾಂಶವಾಯಿತು, ಗೇಮ್ ಕಟ್ಟುವ ಗೊಡೊ 2014ರಲ್ಲಿ. ಇವೆರಡರ ಮೂಲ ಸಂಕೇತವನ್ನೇ (ಸೋರ್ಸ್ ಕೋಡ್) ತೆರೆದು ಓದಬಹುದು; ಬೇರೆ ಯಾವ ತರಗತಿಯೂ ಅಷ್ಟನ್ನು ಕಲಿಸುವುದಿಲ್ಲವೆಂದು ನಾನು ನಂಬಿದ್ದೇನೆ.

ಸಹಸ್ರಲಿಂಗ (ಶಿರಸಿ) ಬರೆದದ್ದು:

ನಾನು ಹೈಸ್ಕೂಲಿನಲ್ಲಿ ಚಿತ್ರಕಲಾ ಮಾಸ್ತರನಾಗಿದ್ದು ನಿವೃತ್ತನಾದವನು. ಕಾಳಿದಂಡೆಯವರ ಬರಹದಿಂದ ಬಹಳ ತಿಳಿದುಕೊಂಡೆ, ಆದರೆ ಅದರಲ್ಲಿ ಗಣಿತಕ್ಕೆ ಸಿಕ್ಕ ಜಾಗ ರೇಖೆಗೆ ಸಿಗಲಿಲ್ಲ. ಮಗಳೇ, ನೀನು ಪ್ರತಿದಿನ ಕಣ್ಣೆದುರಿನ ವಸ್ತುವನ್ನು ನೋಡಿ ಪೆನ್ಸಿಲಿನಲ್ಲಿ ಬಿಡಿಸುವುದನ್ನು ನಿಲ್ಲಿಸಬೇಡ. ತದಡಿ ಬಂದರಿನ ದೋಣಿ, ಸಂತೆಯಲ್ಲಿ ಕುಳಿತ ಹೆಂಗಸರು, ಅಡಿಕೆ ಚಪ್ಪರದ ನೆರಳು ಇವನ್ನು ಕಣ್ಣಿನಿಂದ ಅಳೆದು ಕಾಗದಕ್ಕೆ ಇಳಿಸಿದವರಿಗೆ ಮಾತ್ರ, ಯಂತ್ರ ತೋರಿಸಿದ ನೆರಳು ಸರಿಯೋ ತಪ್ಪೋ ಎಂದು ಹೇಳುವ ಕಣ್ಣು ಬರುತ್ತದೆ.

ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿಯೇ ನಿಯಮಬದ್ಧವಾದ ಚಿತ್ರಪರಂಪರೆಗಳಿವೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಮೇಲಿನ ಕಾವಿ ಚಿತ್ರಗಳನ್ನು ನೀನು ನೋಡಿರಬಹುದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರವನ್ನು ಹಚ್ಚಿ, ಅದು ಹಸಿಯಿರುವಾಗಲೇ ಮೊನಚಾದ ಉಪಕರಣದಿಂದ ಕೆರೆದು ಒಳಗಿನ ಬಿಳಿಯನ್ನು ಹೊರತೆಗೆಯುತ್ತಾರೆ. ಇರುವುದು ಎರಡೇ ಬಣ್ಣ. ನೆರಳು ಬೇಕಾದರೆ ಕೆರೆದ ಗೆರೆಗಳನ್ನು ಒತ್ತೊತ್ತಾಗಿಯೋ ವಿರಳವಾಗಿಯೋ ಹಾಕಬೇಕು. ಹಾಗೆಯೇ ಸಿದ್ದಾಪುರ, ಶಿರಸಿ, ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಮದುವೆಗೆ ಬರೆಯುವ ಹಸೆ ಚಿತ್ತಾರವಿದೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಆ ಸಮಾನಾಂತರ ಎಳೆಗಳ ಲೆಕ್ಕ ಒಂದು ಕಡೆಯೂ ತಪ್ಪಿರುವುದಿಲ್ಲ. ಇವನ್ನು ಬಲ್ಲವರ ಬಳಿ ಹೋಗಿ, ಕುಳಿತು, ಕಲಿತು, ಅವರ ಒಪ್ಪಿಗೆ ಪಡೆದು ಕೆಲಸ ಮಾಡು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದು ನಕಲು ಮಾಡುವುದು ಕಲೆಯೂ ಆಗುವುದಿಲ್ಲ, ಗೌರವವೂ ಆಗುವುದಿಲ್ಲ.

ಕಾಳಿದಂಡೆ (ಕಾರವಾರ) ಬರೆದದ್ದು:

ಮಾಸ್ತರರೇ, ನಿಮ್ಮ ಆಕ್ಷೇಪಣೆ ಸರಿಯಾಗಿದೆ, ಮತ್ತು ನೀವು ಕೊಟ್ಟ ಉದಾಹರಣೆ ಈ ಚರ್ಚೆಗೆ ಬಹಳ ಬೆಲೆಯುಳ್ಳದ್ದು. ಅಘನಾಶಿನಿಯವರು ಪೋರ್ಟ್‌ಫೋಲಿಯೋಕ್ಕೆ ಒಂದೇ ಒಂದು ಪ್ರಾಜೆಕ್ಟ್ ಮಾಡಬೇಕೆಂದರೆ ನಾನು ಇದನ್ನೇ ಸೂಚಿಸುತ್ತೇನೆ: ಮೂರು ಆಯಾಮದ ದೃಶ್ಯವೊಂದನ್ನು, ನೋಡುವವರು ಅದರೊಳಗೆ ತಿರುಗಾಡುತ್ತಿರುವಾಗಲೇ, ಕಾವಿ ಚಿತ್ರದಂತೆ ಎರಡೇ ಬಣ್ಣಗಳಲ್ಲಿ ತೋರಿಸುವ ಶೇಡರ್.

ಕೇಳಲು ಸುಲಭ. ಆರಂಭವೂ ಸುಲಭವೇ. ದೃಶ್ಯದ ಪ್ರತಿ ಬಿಂದು ಕ್ಯಾಮೆರಾದಿಂದ ಎಷ್ಟು ದೂರವಿದೆ, ಯಾವ ಕಡೆಗೆ ಮುಖ ಮಾಡಿದೆ ಎಂಬ ಮಾಹಿತಿ ಗ್ರಾಫಿಕ್ಸ್ ಕಾರ್ಡಿನ ಬಳಿ ಇರುವಂತೆ ಮಾಡಬಹುದು. ಅಕ್ಕಪಕ್ಕದ ಬಿಂದುಗಳಲ್ಲಿ ಈ ಬೆಲೆಗಳು ಥಟ್ಟನೆ ಬದಲಾದ ಕಡೆ ಅಂಚು ಇದೆ ಎಂದರ್ಥ. ಸೋಬೆಲ್ ಎಂಬ 3×3 ಶೋಧಕವನ್ನು ಅದರ ಮೇಲೆ ಓಡಿಸಿದರೆ ಆಕೃತಿಯ ಹೊರಗೆರೆ ಸಿಗುತ್ತದೆ. ಅಲ್ಲಿ ಬಿಳಿ, ಉಳಿದ ಕಡೆ ಕೆಂಪು. ಅಷ್ಟಕ್ಕೇ ನಿಲ್ಲಿಸಿದವರ ಕೆಲಸಗಳನ್ನು ನಾವು ಸಂದರ್ಶನಗಳಲ್ಲಿ ಎಷ್ಟೋ ನೋಡಿದ್ದೇವೆ.

ಕಷ್ಟ ಬರುವುದು ಮಾಸ್ತರರು ಹೇಳಿದ ಕೆರೆದ ಗೆರೆಗಳಲ್ಲಿ. ಗೆರೆಗಳ ವಿನ್ಯಾಸವನ್ನು ಪರದೆಗೆ ಅಂಟಿಸಿದರೆ, ಕ್ಯಾಮೆರಾ ಚಲಿಸಿದಾಗ ವಸ್ತುಗಳು ಗೆರೆಗಳ ಹಿಂದೆ ಜಾರುತ್ತ ಹೋದಂತೆ ಕಾಣುತ್ತದೆ. ಗೆರೆಗಳನ್ನು ವಸ್ತುವಿಗೆ ಅಂಟಿಸಿದರೆ, ವಸ್ತು ದೂರ ಹೋದಾಗ ಗೆರೆಗಳು ಕಿಕ್ಕಿರಿದು ಮಿನುಗತೊಡಗುತ್ತವೆ, ಹತ್ತಿರ ಬಂದಾಗ ಹಗ್ಗದಷ್ಟು ದಪ್ಪವಾಗುತ್ತವೆ. ಕಾವಿ ಕಲಾವಿದರ ಗೆರೆಯ ದಪ್ಪವಾದರೋ ಅವರ ಉಪಕರಣದ ಮೊನೆಯಷ್ಟೇ ಇರುತ್ತದೆ, ದೂರದ ಬೆಟ್ಟಕ್ಕೂ ಹತ್ತಿರದ ಮುಖಕ್ಕೂ. ಹಾಗಾದರೆ ದೂರಕ್ಕೆ ತಕ್ಕಂತೆ ಕೆಲವು ಗೆರೆಗಳು ಮೆಲ್ಲಗೆ ಮರೆಯಾಗಬೇಕು, ಕೆಲವು ಹುಟ್ಟಬೇಕು, ನೆರಳಿನ ಸಾಂದ್ರತೆ ಮಾತ್ರ ಬದಲಾಗಬಾರದು. ಗೆರೆ ಯಾವ ದಿಕ್ಕಿಗೆ ಹರಿಯಬೇಕು? ತೋಳಿನ ದುಂಡನ್ನು ತೋರಿಸಲು ಅಡ್ಡವಾಗಿಯೋ ಉದ್ದವಾಗಿಯೋ? ಇದಕ್ಕೆ ಉತ್ತರ ಯಾವ ಮ್ಯಾನ್ಯುಯಲ್‌ನಲ್ಲಿಯೂ ಇಲ್ಲ. ದೇವಸ್ಥಾನದ ಗೋಡೆಯ ಮುಂದೆ ನಿಂತು, ಹಿಂದಿನವರು ಯಾವ ಕಡೆ ಕೆರೆದರು ಎಂದು ನೋಡಿ ಬಿಡಿಸಿಕೊಂಡು ಬಂದವರಿಗೆ ಮಾತ್ರ ಅದು ಸಿಗುತ್ತದೆ. ಇದಕ್ಕಾಗಿಯೇ ಈ ಪ್ರಾಜೆಕ್ಟನ್ನು ಹೇಳಿದೆ: ಬರೀ ಪ್ರೋಗ್ರಾಮರ್ ಇದನ್ನು ಮುಗಿಸಲಾರರು, ಬರೀ ಚಿತ್ರಕಾರರು ಇದನ್ನು ಆರಂಭಿಸಲಾರರು.

ಮುಗಿಸಿದ ಮೇಲೆ ಅರ್ಧ ನಿಮಿಷದ ವಿಡಿಯೋ, ಮೂಲ ಸಂಕೇತ, ಮಿಲಿಸೆಕೆಂಡುಗಳ ಅಳತೆ, ಮತ್ತು ಯಾವ ದಾರಿ ಹಿಡಿದೆ, ಯಾವುದನ್ನು ಬಿಟ್ಟೆ, ಯಾಕೆ ಎಂಬ ಎರಡು ಪುಟಗಳ ಬರಹ ಇವಿಷ್ಟನ್ನು ಒಂದೇ ಕಡೆ ಇಡಿ. ಆ ಬರಹವನ್ನೇ ನಾವು ಮೊದಲು ಓದುವುದು.

ಯಾಣ (ಕುಮಟಾ) ಬರೆದದ್ದು:

ಇಷ್ಟೆಲ್ಲ ಓದಿದ ಮೇಲೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. 2022ರಿಂದ ಈಚೆಗೆ ಒಂದು ವಾಕ್ಯ ಬರೆದರೆ ಚಿತ್ರ ಕೊಡುವ ಕೃತಕ ಬುದ್ಧಿಮತ್ತೆಯ ಉಪಕರಣಗಳು ಎಲ್ಲರ ಕೈಗೆ ಬಂದಿವೆ. ಕೋಡ್ ಬರೆದುಕೊಡುವ ಉಪಕರಣಗಳೂ ಬಂದಿವೆ. ನನ್ನ ಮಗನೂ ಇದೇ ದಾರಿಯ ಕನಸು ಕಾಣುತ್ತಿದ್ದಾನೆ. ಎರಡೂ ಕಡೆಯಿಂದ ಯಂತ್ರ ಒತ್ತಿಕೊಂಡು ಬರುತ್ತಿರುವಾಗ ಮಕ್ಕಳನ್ನು ಅಲ್ಲಿಗೆ ಕಳುಹಿಸುವುದು ಸರಿಯೇ?

ಕಾಳಿದಂಡೆ (ಕಾರವಾರ) ಬರೆದದ್ದು:

ನಿಮ್ಮ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒಂದು ಲೇಖನದ ಪಕ್ಕಕ್ಕೆ ಒಂದು ಬಿಡಿ ಚಿತ್ರ, ಒಂದು ಪೋಸ್ಟರಿನ ಹಿನ್ನೆಲೆ ಎಂಬಂತಹ ಕೆಲಸಗಳನ್ನೇ ನಂಬಿಕೊಂಡವರಿಗೆ ಪೆಟ್ಟು ಬಿದ್ದಿರುವುದನ್ನು ನನ್ನ ಗೆಳೆಯರಲ್ಲಿಯೇ ಕಂಡಿದ್ದೇನೆ. ಕೇವಲ ಚಿತ್ರವನ್ನೇ ಮಾರುವ ಅಥವಾ ಕೇವಲ ಮಾಮೂಲಿ ಕೋಡನ್ನೇ ಮಾರುವ ಉದ್ಯೋಗವನ್ನು ಇಂದು ಯಾರಿಗೂ ಧೈರ್ಯದಿಂದ ಸೂಚಿಸಲಾರೆ.

ಆದರೆ ನಮ್ಮ ಕೆಲಸದಲ್ಲಿ ಚಂದದ ಒಂದು ಚಿತ್ರ ಸಿಕ್ಕರೆ ಸಾಲದು. ಅದೇ ಪಾತ್ರ ನೂರು ಭಂಗಿಗಳಲ್ಲಿ ಅದೇ ಪಾತ್ರವಾಗಿ ಉಳಿಯಬೇಕು, ಮೊಣಕೈ ಮಡಚಿದಾಗ ಆಕೃತಿಯ ಮೈಯಾದ ಜಾಲರಿ ಹರಿಯಬಾರದು, ಕಡತ ಇಂತಿಷ್ಟೇ ಗಾತ್ರದಲ್ಲಿರಬೇಕು, ಹಳೆಯ ಮೊಬೈಲಿನಲ್ಲಿ ಓಡಬೇಕು, ನಿರ್ದೇಶಕರು ಕಣ್ಣಿನ ಬಣ್ಣವನ್ನು ಮಾತ್ರ ಬದಲಾಯಿಸಿ ಎಂದರೆ ಅದೊಂದೇ ಬದಲಾಗಬೇಕು. ಇಂತಹ ಕಟ್ಟುಪಾಡುಗಳೊಳಗೆ ಅಂದವನ್ನು ಕಾಪಾಡುವವರ ಅಗತ್ಯ ಈಗಲೂ ಇದೆ. ಕೋಡ್ ಬರೆಯುವ ಉಪಕರಣಗಳನ್ನು ನಾನೂ ಬಳಸುತ್ತೇನೆ. ಅವು ಕೊಟ್ಟ ಶೇಡರಿನಲ್ಲಿ ಬೆಳಕು ಹಿಂದಿನಿಂದ ಬೀಳುತ್ತಿದೆ ಎಂದು ಗುರುತಿಸುವುದು ನೋಡಿ ಬಿಡಿಸಿ ಪಳಗಿದ ಕಣ್ಣು. ನಿಮ್ಮ ಮಗನಿಗೆ ಗಣಿತವನ್ನೂ ರೇಖೆಯನ್ನೂ ಬುಡದಿಂದ ಕಲಿಯಲು ಹೇಳಿ. ಉಪಕರಣಗಳು ಬದಲಾಗುತ್ತಲೇ ಇರುತ್ತವೆ.

ಬನವಾಸಿ (ಶಿರಸಿ) ಬರೆದದ್ದು:

ಗೇಮ್ ಮತ್ತು ಸಿನಿಮಾದ ಮಾತಾಯಿತು. ಅಷ್ಟು ಹೊಳಪಿಲ್ಲದ, ಆದರೆ ನಮ್ಮ ಭಾಷೆಗೆ ತುರ್ತಾಗಿ ಬೇಕಾದ ಇನ್ನೊಂದು ಕೆಲಸವನ್ನು ಸೇರಿಸುತ್ತೇನೆ: ಅಕ್ಷರ ವಿನ್ಯಾಸ. ನಾನು ಫಾಂಟ್ ತಯಾರಿಕೆಯಲ್ಲಿ ತೊಡಗಿಕೊಂಡಿದ್ದೇನೆ.

ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 128 ಸ್ಥಾನಗಳದು. ಅದರಲ್ಲಿ ಒಂದಷ್ಟು ಖಾಲಿಯೂ ಇವೆ. ಆದರೆ ಗುಣಿತಾಕ್ಷರ, ಒತ್ತಕ್ಷರ, ಅರ್ಕಾವತ್ತುಗಳು ಕೂಡಿದಾಗ ಒಂದು ಒಳ್ಳೆಯ ಕನ್ನಡ ಫಾಂಟಿಗೆ ನೂರಾರು ಆಕಾರಗಳನ್ನು ಬಿಡಿಸಬೇಕಾಗುತ್ತದೆ. ಪ್ರತಿ ಆಕಾರವೂ ಬೆಜಿಯರ್ ವಕ್ರರೇಖೆಗಳಿಂದ ಆದದ್ದು. ರೆನೋ ಕಂಪನಿಯಲ್ಲಿ ಕಾರಿನ ಮೈಯನ್ನು ವಿನ್ಯಾಸಗೊಳಿಸಲು ಪಿಯೇರ್ ಬೆಜಿಯರ್ ಅವರು 1960ರ ದಶಕದಲ್ಲಿ ಬಳಕೆಗೆ ತಂದ ಅದೇ ಗಣಿತ. ಇದು ಚಿತ್ರಕಾರರ ಪಾಲು. ಯಾವ ಅಕ್ಷರದ ಪಕ್ಕ ಯಾವುದು ಬಂದರೆ ಯಾವ ಆಕಾರ ತೋರಬೇಕು, ಒತ್ತು ಎಷ್ಟು ಕೆಳಗೆ, ಎಷ್ಟು ಬಲಕ್ಕೆ ಕೂರಬೇಕು ಎಂಬುದನ್ನು ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ನಿಯಮಗಳಲ್ಲಿ ಬರೆಯುವುದು ಪ್ರೋಗ್ರಾಮರ ಪಾಲು. ‘ಸ್ತ್ರೀ’ ಎಂಬಲ್ಲಿ ಎರಡು ಒತ್ತುಗಳು ಒಂದರ ಮೇಲೊಂದು ಡಿಕ್ಕಿ ಹೊಡೆಯದಂತೆ ಕೂರಿಸುವಾಗ ಈ ಎರಡು ಪಾಲುಗಳ ನಡುವೆ ಗೆರೆ ಎಳೆಯಲು ಬರುವುದಿಲ್ಲ. ಫಾಂಟ್‌ಟೂಲ್ಸ್ ಎಂಬ ಪೈಥಾನ್ ಸಂಗ್ರಹದಿಂದ ಸಾವಿರಾರು ಪದಗಳನ್ನು ಹಾಯಿಸಿ ಎಲ್ಲಿ ಡಿಕ್ಕಿಯಾಗುತ್ತಿದೆ ಎಂದು ಪರೀಕ್ಷಿಸುವ ಕೆಲಸಕ್ಕೆ ನಿಮ್ಮಂತಹವರು ಬೇಕು. ಅಂದ ಹಾಗೆ, ತಂತ್ರಾಂಶ ಪರೀಕ್ಷೆಯ ಅನುಭವ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಪದವಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬೇಕೇಬೇಕೆಂದಿಲ್ಲ. ಆದರೆ ಮನಸ್ಸಿದ್ದರೆ, ಐಐಟಿ ಬಾಂಬೆ ನಡೆಸುವ ಸೀಡ್ ಎಂಬ ವಿನ್ಯಾಸ ಪ್ರವೇಶ ಪರೀಕ್ಷೆಯನ್ನು ಯಾವ ವಿಷಯದ ಪದವೀಧರರೂ ಬರೆಯಬಹುದು, ವಯಸ್ಸಿನ ಮಿತಿಯಿಲ್ಲ. ಅದರ ಮೂಲಕ ಐಐಟಿಗಳಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಎಂ.ಡೆಸ್ (ವಿನ್ಯಾಸದ ಸ್ನಾತಕೋತ್ತರ ಪದವಿ) ಪ್ರವೇಶಕ್ಕೆ ಅರ್ಜಿ ಹಾಕಬಹುದು. ಒಂದೆರಡು ವರ್ಷ ದುಡಿದು, ಏನನ್ನು ಕಲಿಯಬೇಕೆಂದು ಸ್ಪಷ್ಟವಾದ ಮೇಲೆ ಹೋಗುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಗಂಗಾವಳಿ (ಅಂಕೋಲಾ) ಬರೆದದ್ದು:

ಊರಿನಲ್ಲಿಯೇ ಇದ್ದು ಮಾಡಬಹುದೇ ಎಂಬ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ಏಕೆಂದರೆ ಅಂಕೋಲಾದಲ್ಲಿ ಕುಳಿತು ಜಾಲತಾಣಗಳಿಗೆ ಚಲಿಸುವ ಚಿತ್ರಗಳನ್ನೂ ಅವುಗಳ ಹಿಂದಿನ ಕೋಡನ್ನೂ ಮಾಡಿಕೊಟ್ಟು ಜೀವನ ಸಾಗಿಸುತ್ತಿದ್ದೇನೆ. ಸಾಧ್ಯವಿದೆ. ಆದರೆ ಮೊದಲ ಕೆಲವು ವರ್ಷ ತಂಡದೊಳಗೆ ದುಡಿದು ಪರಿಚಯ ಗಳಿಸಿದ ಮೇಲೆ ಬನ್ನಿ. ನಮ್ಮನ್ನು ನೋಡದವರು ಕೆಲಸ ಕೊಡುವುದು ನಮ್ಮನ್ನು ಬಲ್ಲ ಇನ್ನೊಬ್ಬರ ಮಾತಿನ ಮೇಲೆ.

ಮಳೆಗಾಲದ ವಿಚಾರ. ಜೂನ್‌ನಿಂದ ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಸಾಮಾನ್ಯ. ಇನ್ವರ್ಟರ್ ಜೊತೆಗೆ ಎರಡು ಬೇರೆ ಬೇರೆ ಸಂಪರ್ಕಗಳನ್ನು, ಒಂದು ಫೈಬರ್, ಒಂದು ಮೊಬೈಲ್, ಇಟ್ಟುಕೊಳ್ಳಿ. ಅನಿಮೇಷನ್ ರೆಂಡರ್ ಮಾಡುವಾಗ, ಅಂದರೆ ದೃಶ್ಯವನ್ನು ಅಂತಿಮ ಚಿತ್ರವಾಗಿ ತೆಗೆಯುವಾಗ, ನೇರವಾಗಿ ವಿಡಿಯೋ ಕಡತವಾಗಿ ತೆಗೆಯದೆ, ಒಂದೊಂದು ಚೌಕಟ್ಟನ್ನು ಬೇರೆ ಬೇರೆ ಪಿಎನ್‌ಜಿ ಚಿತ್ರವಾಗಿ ಉಳಿಸಿ. ನಡುವೆ ಕರೆಂಟು ಹೋದರೆ ವಿಡಿಯೋ ಕಡತ ಪೂರ್ತಿ ಕೆಡಬಹುದು. ಬಿಡಿ ಚಿತ್ರಗಳಾದರೆ ನಿಂತಲ್ಲಿಂದಲೇ ಮುಂದುವರಿಸಬಹುದು. ಕಡಲ ಗಾಳಿಯ ಉಪ್ಪು ಮತ್ತು ತೇವ ಲ್ಯಾಪ್‌ಟಾಪಿಗೂ ಪೆನ್ ಟ್ಯಾಬ್ಲೆಟ್ಟಿಗೂ ಶತ್ರು, ಬಳಸದಿರುವಾಗ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ.

ಇನ್ನು ಒಪ್ಪಂದ. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಪ್ರೋಗ್ರಾಮ್ ಸಾಹಿತ್ಯ ಕೃತಿ, ನೀವು ಬಿಡಿಸಿದ ಚಿತ್ರ ಕಲಾಕೃತಿ. ಒಂದೇ ಕೆಲಸದೊಳಗೆ ಎರಡೂ ಇರುವುದರಿಂದ ಯಾವುದನ್ನು ಮಾರುತ್ತಿದ್ದೀರಿ, ಯಾವುದನ್ನು ಬಳಸಲು ಮಾತ್ರ ಕೊಡುತ್ತಿದ್ದೀರಿ ಎಂದು ಬಿಡಿಸಿ ಬರೆಯಿರಿ. ಚಿತ್ರ ಗ್ರಾಹಕರದಾಗಲಿ, ಅದನ್ನು ಚಲಿಸುವಂತೆ ಮಾಡುವ ನಿಮ್ಮ ಸಾಮಾನ್ಯ ಸಂಕೇತ ಸಂಗ್ರಹ ನಿಮ್ಮದಾಗಿಯೇ ಉಳಿಯಲಿ, ಇಲ್ಲದಿದ್ದರೆ ಮುಂದಿನ ಕೆಲಸವನ್ನು ಮತ್ತೆ ಸೊನ್ನೆಯಿಂದ ಆರಂಭಿಸಬೇಕಾಗುತ್ತದೆ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕೆಂದು 19ನೆಯ ಕಲಮು ಹೇಳುತ್ತದೆ; ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಪರಿಗಣಿಸಲಾಗುತ್ತದೆ. ಮುಂಗಡವಿಲ್ಲದೆ ಕೆಲಸ ಆರಂಭಿಸಬೇಡಿ. ತಿದ್ದುಪಡಿ ಎಷ್ಟು ಸುತ್ತು ಎಂಬುದನ್ನೂ ಮೊದಲೇ ಬರೆಯಿರಿ. ಹೊರ ಜಿಲ್ಲೆಯ ಗ್ರಾಹಕರೊಬ್ಬರು ನನ್ನಿಂದ ತಿಂಗಳುಗಟ್ಟಲೆ ತಿದ್ದಿಸಿಕೊಂಡು ಅರ್ಧ ಹಣವನ್ನೂ ಕೊಡಲಿಲ್ಲ. ಬರಹದಲ್ಲಿ ಏನೂ ಇಲ್ಲದಿದ್ದುದರಿಂದ ಕೇಳುವ ದಾರಿಯೂ ಇರಲಿಲ್ಲ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರುವ ಹೊತ್ತಿಗೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ, ಅದಕ್ಕೆ ಊರಿನ ಲೆಕ್ಕಪರಿಶೋಧಕರ ಬಳಿ ಮೊದಲೇ ಮಾತನಾಡಿಡಿ.

ಅಘನಾಶಿನಿ (ಕುಮಟಾ) ಬರೆದದ್ದು:

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಆಯಿಗೂ ಅಪ್ಪನಿಗೂ ಈ ಬರಹಗಳನ್ನು ಓದಿ ಹೇಳಿದೆ. ಬೆಂಗಳೂರಿನ ಕೆಲಸವನ್ನು ಒಪ್ಪಿಕೊಳ್ಳುತ್ತಿದ್ದೇನೆ. ದೇವಬಾಗದ ಅಕ್ಕ ಹೇಳಿದಂತೆ ನೇಮಕಾತಿ ಪತ್ರದ ಬಗ್ಗೆ ಕಂಪನಿಗೆ ಬರೆದಿದ್ದೇನೆ, ಉತ್ತರ ಬಂದ ಮೇಲೆ ಸಹಿ ಹಾಕುತ್ತೇನೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಕಾವಿ ಶೇಡರನ್ನೇ ಆರಿಸಿಕೊಂಡೆ. ಗೊಡೊದಲ್ಲಿ ಅಂಚು ಗುರುತಿಸಿ, ಗೆರೆ ಹಾಕಿ ನೋಡುವವರೆಗೆ ಬಂದಿದ್ದೇನೆ, ಮತ್ತು ಕಾಳಿದಂಡೆಯವರು ಹೇಳಿದ ಮಿನುಗುವಿಕೆ ನನ್ನ ಪರದೆಯ ಮೇಲೆಯೂ ಕಾಣಿಸಿದೆ.

ಎರಡು ಸಂದೇಹಗಳಿವೆ. ಕಾವಿಯ ಕೆಂಪನ್ನು ಮೊಬೈಲ್ ಫೋಟೋದಿಂದ ಆರಿಸಿಕೊಂಡರೆ ಪ್ರತಿ ಫೋಟೋದಲ್ಲಿಯೂ ಬೇರೆ ಬೇರೆ ಕೆಂಪು ಬರುತ್ತಿದೆ. ಮುಗಿದ ಮೇಲೆ ಕೋಡ್ ಮತ್ತು ಚಿತ್ರಗಳನ್ನು ಯಾವ ಪರವಾನಗಿಯಲ್ಲಿ ಪ್ರಕಟಿಸಬೇಕು ಎಂಬುದೂ ತಿಳಿಯುತ್ತಿಲ್ಲ.

ಸಹಸ್ರಲಿಂಗ (ಶಿರಸಿ) ಬರೆದದ್ದು:

ಬಣ್ಣಕ್ಕೆ ಫೋಟೋವನ್ನು ನಂಬಬೇಡ. ಸ್ವಲ್ಪ ಕೆಮ್ಮಣ್ಣು ತಂದು, ಅರೆದು, ಸುಣ್ಣದ ಮೇಲೆ ಹಚ್ಚಿ ಒಣಗಿಸಿ, ಹಗಲು ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು ಕಣ್ಣಿನಿಂದ ಹೊಂದಿಸು. ಹಸಿಯಿರುವಾಗಿನ ಕೆಂಪು ಬೇರೆ, ಒಣಗಿದ ಮೇಲಿನ ಕೆಂಪು ಬೇರೆ. ರಜೆಯಲ್ಲಿ ಶಿರಸಿಗೆ ಬರುವುದಾದರೆ ತಿಳಿಸು, ಗೋಡೆಯ ಮುಂದೆ ಕುಳಿತು ಗೆರೆಗಳ ದಿಕ್ಕನ್ನು ಬಿಡಿಸಿಕೊಳ್ಳೋಣ. ಒಳಗೆ ಫೋಟೋ ತೆಗೆಯುವುದಿದ್ದರೆ ದೇವಸ್ಥಾನದವರನ್ನು ಕೇಳಿಯೇ ತೆಗೆಯಬೇಕು.

ಕಾಳಿದಂಡೆ (ಕಾರವಾರ) ಬರೆದದ್ದು:

ಮಾಸ್ತರರ ಮಾತಿಗೆ ತಾಂತ್ರಿಕವಾದ ಒಂದು ಅಂಶ ಸೇರಿಸುತ್ತೇನೆ. ಪರದೆಯಲ್ಲಿ ಕಾಣುವ ಬಣ್ಣದ ಅಂಕಿಗಳು ಎಸ್‌ಆರ್‌ಜಿಬಿ ವಕ್ರದಲ್ಲಿರುತ್ತವೆ, ಅಂದರೆ ಅಂಕಿ ಇಮ್ಮಡಿಯಾದರೆ ಬೆಳಕೂ ಇಮ್ಮಡಿಯಾಗುತ್ತದೆ ಎಂದಲ್ಲ. ಶೇಡರಿನೊಳಗೆ ಬೆಳಕಿನ ಲೆಕ್ಕ ನಡೆಯಬೇಕಾದದ್ದು ಸರಳ ಪ್ರಮಾಣದ ಅಂಕಿಗಳಲ್ಲಿ. ಕಣ್ಣಿನಿಂದ ಹೊಂದಿಸಿದ ಕೆಂಪನ್ನು ಹಾಗೆಯೇ ಶೇಡರಿಗೆ ಕೊಟ್ಟರೆ ಪರದೆಯಲ್ಲಿ ಅದು ಪೇಲವವಾಗಿ ತೋರಬಹುದು. ಗೊಡೊದಲ್ಲಿ ಆ ಬಣ್ಣವನ್ನು ಶೇಡರಿಗೆ ಹೊರಗಿನಿಂದ ಕೊಡುವ ಯೂನಿಫಾರ್ಮ್‌ಗೆ ಸೋರ್ಸ್ ಕಲರ್ ಎಂಬ ಸೂಚನೆಯನ್ನು ಹಚ್ಚಿದರೆ ಪರಿವರ್ತನೆ ತಾನಾಗಿ ಆಗುತ್ತದೆ. ಮಿನುಗುವಿಕೆಗೆ, ಗೆರೆಗಳ ವಿನ್ಯಾಸವನ್ನು ನಾಲ್ಕೈದು ಸಾಂದ್ರತೆಗಳಲ್ಲಿ ನೀವೇ ಕೈಯಿಂದ ಬರೆದು, ವಿರಳವಾದ ಹಂತದ ಪ್ರತಿಯೊಂದು ಗೆರೆಯೂ ಅದಕ್ಕಿಂತ ಒತ್ತಾದ ಹಂತದಲ್ಲಿ ಅದೇ ಜಾಗದಲ್ಲಿ ಇರುವಂತೆ ನೋಡಿಕೊಳ್ಳಿ. ಆಗ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಹೊಸ ಗೆರೆಗಳು ಸೇರುತ್ತವೆಯೇ ಹೊರತು ಇದ್ದವು ಜಿಗಿಯುವುದಿಲ್ಲ.

ಪರವಾನಗಿಯನ್ನು ಎರಡಾಗಿ ವಿಂಗಡಿಸಿ. ಕೋಡಿಗೆ ಎಂಐಟಿ ಪರವಾನಗಿ ಸಾಕು, ಯಾರೂ ಬಳಸಿ ಬೆಳೆಸಬಹುದು. ನೀವು ಕೈಯಿಂದ ಬರೆದ ಗೆರೆಗಳಿಗೂ ಚಿತ್ರಗಳಿಗೂ ಕ್ರಿಯೇಟಿವ್ ಕಾಮನ್ಸಿನಲ್ಲಿ ಹೆಸರು ಹೇಳುವ ಷರತ್ತಿರುವ ಪರವಾನಗಿಯನ್ನು ಆರಿಸಿಕೊಳ್ಳಿ. ವ್ಯಾಪಾರಕ್ಕೆ ಬಳಸಬಾರದೆಂದಿದ್ದರೆ ಅದಕ್ಕೂ ಪ್ರತ್ಯೇಕ ಆಯ್ಕೆಯಿದೆ. ಎರಡನ್ನೂ ರೀಡ್‌ಮೀ ಕಡತದ ಮೊದಲಿಗೇ ಬರೆಯಿರಿ, ಮತ್ತು ಯಾವ ಗೋಡೆಯನ್ನು ನೋಡಿ, ಯಾರಿಂದ ಕಲಿತು ಮಾಡಿದ್ದು ಎಂಬುದನ್ನು ಅದರ ಕೆಳಗೆ ಬರೆಯಿರಿ. ಸಂಕೇತವನ್ನು ಪ್ರಕಟಿಸಿದ ದಿನ ಇಲ್ಲಿ ಕೊಂಡಿ ಹಾಕಿದರೆ ನಾನು ಕುಳಿತು ಓದಿ, ಸಾಲು ಸಾಲಾಗಿ ಅಭಿಪ್ರಾಯ ಬರೆಯುತ್ತೇನೆ.